ಸೈಲೆನ್ಸರಿಗೆ ಪರೀಕ್ಷೆ ಇದೆ, ಪೆಟ್ರೋಲ್ ಟ್ಯಾಂಕಿಗೇಕಿಲ್ಲ?

ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಎಮಿಷನ್ ಟೆಸ್ಟ್ ಹೇಗೆ ನಡೆಯುತ್ತದೆಂದು ವಾಹನ ಇಟ್ಟುಕೊಂಡವರಿಗೆಲ್ಲ ಗೊತ್ತು. ಎಂಜಿನ್ ಚಾಲೂ ಇರುವಾಗಲೇ ಸೈಲೆನ್ಸರಿನೊಳಕ್ಕೆ ಉದ್ದದ ನಳಿಕೆ ತೂರಿಸುತ್ತಾರೆ, ನಂಬರ್ ಪ್ಲೇಟಿನ ಫೋಟೊ ತೆಗೆಯುತ್ತಾರೆ. ಕಾರ್ಬನ್ ಮಾನಾಕ್ಸೈಡ್ ಎಷ್ಟು, ಹೈಡ್ರೋಕಾರ್ಬನ್ ಎಷ್ಟು ಎಂಬ ಅಂಕಿಗಳು ಕಂಪ್ಯೂಟರಿನಲ್ಲಿ ಮೂಡುತ್ತವೆ. ಮಿತಿಯೊಳಗಿದ್ದರೆ ಪ್ರಮಾಣಪತ್ರ ಕೈಗೆ ಬರುತ್ತದೆ. ಬಿಎಸ್-4, ಬಿಎಸ್-6 ವಾಹನಗಳಾದರೆ ಮತ್ತೆ ಒಂದು ವರ್ಷ ಆ ಕಡೆ ತಲೆ ಹಾಕಬೇಕಿಲ್ಲ. ಇಷ್ಟೆಲ್ಲ ನಡೆಯುವಾಗ ಯಾರ ಕೈಯೂ ಹೋಗದ ಜಾಗವೊಂದಿದೆ, ಅದು ಪೆಟ್ರೋಲ್ ಟ್ಯಾಂಕ್. ಅದರ ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿರಬಹುದು, ಆವಿ ಸಾಗುವ ಪೈಪನ್ನು ಇಲಿ ಕಡಿದಿರಬಹುದು, ಪೆಟ್ರೋಲಿನ ಆವಿ ಹಗಲೂ ರಾತ್ರಿ ಗಾಳಿಗೆ ಸೇರುತ್ತಿರಬಹುದು. ಆದರೂ ಪರೀಕ್ಷೆಯಲ್ಲಿ ಆ ವಾಹನ ಪಾಸು.

ಇದು ಸರಿಯಲ್ಲ. ಸೈಲೆನ್ಸರಿನ ಹೊಗೆಗೆ ಇಟ್ಟ ಲೆಕ್ಕವನ್ನು ಟ್ಯಾಂಕಿನಿಂದ ಸೋರುವ ಆವಿಗೂ ಇಡಬೇಕು. ಸೋರಿಕೆ ಹುಡುಕುವ ವಿದ್ಯೆ ಹೊಸದೇನಲ್ಲ. ಮೂರು ದಶಕಗಳಿಂದ ಜಗತ್ತಿನ ಇನ್ನೊಂದು ತುದಿಯಲ್ಲಿ ಅದು ದಿನನಿತ್ಯದ ಕೆಲಸವಾಗಿದೆ.

ಪೆಟ್ರೋಲು ಹೊರಗೆ ಹೋಗಲು ಎಂಜಿನ್ ಓಡಲೇಬೇಕೆಂದಿಲ್ಲ. ಬೆಳಿಗ್ಗೆ ಆಫೀಸಿನ ಮುಂದೆ ನಿಲ್ಲಿಸಿದ ಕಾರು ಮಧ್ಯಾಹ್ನದ ಬಿಸಿಲಿಗೆ ಕಾಯುತ್ತದೆ. ಟ್ಯಾಂಕಿನೊಳಗೆ ಆವಿ ಹೆಚ್ಚಿ ಒತ್ತಡ ಏರುತ್ತದೆ. ದಾರಿ ಸಿಕ್ಕ ಕಡೆ ಹೊರಗೆ ನುಗ್ಗುತ್ತದೆ. ರಾತ್ರಿ ತಣ್ಣಗಾದಾಗ ಟ್ಯಾಂಕ್ ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಮರುದಿನ ಅದೇ ಕಥೆ. ಓಡಿಸಿ ತಂದು ಈಗಷ್ಟೇ ನಿಲ್ಲಿಸಿದ ವಾಹನದಲ್ಲಿ ಎಂಜಿನ್ನಿನ ಬಿಸಿಯೂ ಈ ಕೆಲಸಕ್ಕೆ ಕೈಗೂಡಿಸುತ್ತದೆ. ಬಂಕಿನಲ್ಲಿ ಪೆಟ್ರೋಲು ಒಳಗೆ ಇಳಿದಷ್ಟೂ ಟ್ಯಾಂಕಿನಲ್ಲಿ ತುಂಬಿಕೊಂಡಿದ್ದ ಆವಿ ನಾಜಲ್ ಹಿಡಿದವರ ಮುಖದತ್ತ ಬರುತ್ತದೆ. ಆ ಆವಿಯಲ್ಲಿ ಬೆಂಜೀನ್ ಇದೆ. ಬಿಎಸ್-6 ಪೆಟ್ರೋಲಿನಲ್ಲಿ ಅದು ಶೇ 1ನ್ನು ಮೀರುವಂತಿಲ್ಲ ಎಂಬ ಕಟ್ಟಳೆ ಇರುವುದು ಸುಮ್ಮನೆ ಅಲ್ಲ: ಬೆಂಜೀನ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತವಾಗಿ ಪಟ್ಟಿ ಮಾಡಿದೆ.

ಆವಿಯ ಎರಡನೆಯ ಕೇಡು ಬಿಸಿಲಿನಲ್ಲಿ ಹುಟ್ಟುತ್ತದೆ. ಅದನ್ನು ಮೊದಲು ಅನುಭವಿಸಿದ್ದು ಲಾಸ್ ಏಂಜಲೀಸ್. 1943ರ ಜುಲೈನಲ್ಲಿ ಆ ನಗರವನ್ನು ಕಣ್ಣುರಿಸುವ ದಟ್ಟ ಮಂಜು ಮುಸುಕಿತು. ಯುದ್ಧದ ಕಾಲವಾದ್ದರಿಂದ ಜಪಾನಿನವರು ವಿಷಾನಿಲ ಬಿಟ್ಟಿದ್ದಾರೆಂದು ಹೆದರಿದವರೂ ಇದ್ದರು. ಕಾರ್ಖಾನೆಗಳನ್ನು ದೂರಿದರು, ಕಸ ಸುಡುವುದನ್ನು ದೂರಿದರು, ಮಂಜು ಮಾತ್ರ ಮತ್ತೆ ಮತ್ತೆ ಬಂತು. ಕೊನೆಗೆ ಗುಟ್ಟು ಬಿಡಿಸಿದವರು ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ ರಸಾಯನವಿಜ್ಞಾನಿ ಆರಿ ಹಾಗನ್-ಸ್ಮಿತ್. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಅವರು ಅಲ್ಲಿಯವರೆಗೆ ಅನಾನಸಿನ ಪರಿಮಳಕ್ಕೆ ಕಾರಣವಾದ ರಾಸಾಯನಿಕಗಳನ್ನು ಬೇರ್ಪಡಿಸುತ್ತಿದ್ದರು. ಆ ಕೈಚಳಕವನ್ನೇ ನಗರದ ಗಾಳಿಯ ಮೇಲೆ ಪ್ರಯೋಗಿಸಿದರು. ಉರಿಯದೆ ಉಳಿದ ಪೆಟ್ರೋಲಿನ ಹೈಡ್ರೋಕಾರ್ಬನ್‌ಗಳು ಮತ್ತು ಸಾರಜನಕದ ಆಕ್ಸೈಡ್‌ಗಳು ಬಿಸಿಲಿನಲ್ಲಿ ಸೇರಿ ಓಝೋನ್ ಆಗುತ್ತವೆ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿದರು. ಬಗ್ಗಿಸಿ ಕಟ್ಟಿದ ರಬ್ಬರ್ ಪಟ್ಟಿ ಎಷ್ಟು ಬೇಗ ಬಿರುಕು ಬಿಡುತ್ತದೆಂದು ನೋಡಿ ಗಾಳಿಯಲ್ಲಿನ ಓಝೋನನ್ನು ಅಳೆಯುತ್ತಿದ್ದ ಕಾಲವದು. 1968ರಲ್ಲಿ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರೂ ಅವರೇ ಆದರು.

ಮುಂದಿನ ಹೆಜ್ಜೆಗಳು ಬೇಗ ಬೇಗ ಬಿದ್ದವು. ಟ್ಯಾಂಕಿನ ಆವಿಯನ್ನು ಹಿಡಿದಿಡುವ ವ್ಯವಸ್ಥೆ 1970ರ ಮಾದರಿಯ ಕಾರುಗಳಿಗೆ ಕ್ಯಾಲಿಫೋರ್ನಿಯಾದಲ್ಲಿ, ಮರುವರ್ಷ ಇಡೀ ಅಮೆರಿಕದಲ್ಲಿ ಕಡ್ಡಾಯವಾಯಿತು.

ವ್ಯವಸ್ಥೆ ಸರಳವಾಗಿದೆ. ಟ್ಯಾಂಕಿನಿಂದ ಒಂದು ಪೈಪು ಇದ್ದಿಲು ತುಂಬಿದ ಡಬ್ಬಿಗೆ ಹೋಗುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಕ್ಯಾನಿಸ್ಟರ್ ಎನ್ನುತ್ತಾರೆ. ಹದಗೊಳಿಸಿದ ಆ ಇದ್ದಿಲಿನ ಒಂದು ಗ್ರಾಂನೊಳಗೆ ನೂರಾರು ಚದರ ಮೀಟರ್ ಮೇಲ್ಮೈ ಅಡಗಿರುತ್ತದೆ. ಆವಿ ಬಂದು ಅಲ್ಲಿ ಅಂಟಿಕೊಳ್ಳುತ್ತದೆ. ಎಂಜಿನ್ ಓಡುವಾಗ ಪರ್ಜ್ ವಾಲ್ವ್ ಎಂಬ ಪುಟ್ಟ ಕವಾಟ ತೆರೆದು ಆ ಆವಿಯನ್ನು ಎಂಜಿನ್ನಿಗೆ ಎಳೆಸುತ್ತದೆ, ಪೆಟ್ರೋಲಾಗಿಯೇ ಅದು ಉರಿಯುತ್ತದೆ. ಕ್ಯಾನಿಸ್ಟರಿನ ಇನ್ನೊಂದು ಬದಿಯಲ್ಲಿ ಹೊರಗಿನ ಗಾಳಿ ಬರಲು ವೆಂಟ್ ಇದೆ. ಎಲ್ಲವೂ ನೆಟ್ಟಗಿದ್ದರೆ ಹೊರಗೆ ಹೋಗುವುದು ಅತ್ಯಲ್ಪ. ಆದರೆ ಎಲ್ಲಾದರೂ ಒಂದು ತೂತು ಬಿದ್ದರೆ ಆವಿ ಕ್ಯಾನಿಸ್ಟರಿನ ದಾರಿ ಬಿಟ್ಟು ಆ ತೂತಿನ ದಾರಿ ಹಿಡಿಯುತ್ತದೆ. ಚಾಲಕನಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ಗಾಡಿಯ ಓಟದಲ್ಲಿ ವ್ಯತ್ಯಾಸವಿಲ್ಲ, ಹೊಗೆ ಕಾಣದು, ಸದ್ದೂ ಇಲ್ಲ.

ಆದ್ದರಿಂದಲೇ ಕ್ಯಾಲಿಫೋರ್ನಿಯಾದವರು ಸೋರಿಕೆ ಹುಡುಕುವ ಹೊಣೆಯನ್ನು ಕಾರಿನ ಕಂಪ್ಯೂಟರಿಗೇ ಹೊರಿಸಿದರು. 1990ರ ದಶಕದ ನಡುವಿನಲ್ಲಿ ಬಂದ ಒಬಿಡಿ-2 ಎಂಬ ಸ್ವಯಂ ತಪಾಸಣೆಯ ನಿಯಮದಂತೆ 1 ಮಿಲಿಮೀಟರ್ ಅಗಲದ ತೂತನ್ನೂ ಕಾರು ತಾನೇ ಪತ್ತೆ ಹಚ್ಚಿ, ಚೆಕ್ ಎಂಜಿನ್ ದೀಪ ಹೊತ್ತಿಸಬೇಕಿತ್ತು. 2000ದ ಮಾದರಿಗಳಿಂದ ಅದನ್ನು ಅರ್ಧ ಮಿಲಿಮೀಟರಿಗೆ ಇಳಿಸುತ್ತ ಬಂದರು. ಶಾಲೆಯ ಮಕ್ಕಳು ಬಳಸುವ ಕ್ಲಿಕ್ ಪೆನ್ಸಿಲಿನ ಸೀಸದಷ್ಟು ತೂತು! ಟ್ಯಾಂಕು, ಪೈಪುಗಳು, ಕ್ಯಾನಿಸ್ಟರ್, ಮುಚ್ಚಳ ಎಲ್ಲ ಸೇರಿದ ಅಷ್ಟು ದೊಡ್ಡ ವ್ಯವಸ್ಥೆಯಲ್ಲಿ ಎಲ್ಲಿದ್ದರೂ ಅದು ಕಂಪ್ಯೂಟರಿಗೆ ಗೊತ್ತಾಗಬೇಕು.

ಎಂಜಿನಿಯರುಗಳು ಇದಕ್ಕೆ ಕಂಡುಕೊಂಡ ದಾರಿಗಳಲ್ಲಿ ಒಂದಂತೂ ಬಹಳ ಸೊಗಸಾಗಿದೆ. ಕಾರು ಓಡಿಸಿ ನಿಲ್ಲಿಸಿದ ಮೇಲೆ ಕಂಪ್ಯೂಟರ್ ಪೂರ್ತಿ ಮಲಗುವುದಿಲ್ಲ. ವೆಂಟನ್ನು ಮುಚ್ಚಿ, ಟ್ಯಾಂಕಿನೊಳಗಿನ ಒತ್ತಡವನ್ನು ನೋಡುತ್ತಾ ಕಾಯುತ್ತದೆ. ಸೈಲೆನ್ಸರಿನ ಬಿಸಿ, ರಸ್ತೆಯ ಬಿಸಿ ತಾಗಿ ಒಳಗಿನ ಆವಿಯ ಒತ್ತಡ ತುಸು ಏರಬೇಕು. ಆಮೇಲೆ ಟ್ಯಾಂಕ್ ತಣ್ಣಗಾದಂತೆ ಒತ್ತಡ ಇಳಿದು ಒಳಗೊಂದು ಸಣ್ಣ ನಿರ್ವಾತ ಹುಟ್ಟಬೇಕು. ಎರಡೂ ಆಗದೆ ಒತ್ತಡ ಹೊರಗಿನ ಗಾಳಿಯ ಸಮಕ್ಕೇ ನಿಂತಿದ್ದರೆ ಎಲ್ಲೋ ತೂತಿದೆ ಎಂದರ್ಥ. ಇಲ್ಲಿ ಅಳೆಯುವ ಒತ್ತಡವಾದರೂ ಎಷ್ಟು? ಒಂದೆರಡು ಇಂಚು ಎತ್ತರದ ನೀರು ತಳದ ಮೇಲೆ ಹಾಕುವಷ್ಟು. ವಾತಾವರಣದ ಒತ್ತಡದ ನಾನೂರರಲ್ಲಿ ಒಂದೆರಡು ಪಾಲು. ಬೇರೆ ಕೆಲವು ಕಾರುಗಳು ಎಂಜಿನ್ನಿನ ಎಳೆತದಿಂದಲೇ ಟ್ಯಾಂಕಿನಲ್ಲಿ ನಿರ್ವಾತ ಮಾಡಿ, ಅದು ಎಷ್ಟು ಬೇಗ ಕರಗುತ್ತದೆಂದು ನೋಡುತ್ತವೆ. ಇನ್ನು ಕೆಲವಕ್ಕೆ ಪುಟ್ಟ ಪಂಪ್ ಇದೆ. ಟ್ಯಾಂಕ್ ತೀರಾ ಖಾಲಿಯಿದ್ದರೂ ತೀರಾ ತುಂಬಿದ್ದರೂ ಲೆಕ್ಕ ತಪ್ಪುವುದರಿಂದ ಸಾಮಾನ್ಯವಾಗಿ ಶೇ 15ರಿಂದ 85ರವರೆಗೆ ಪೆಟ್ರೋಲ್ ಇದ್ದಾಗ ಮಾತ್ರ ಈ ಪರೀಕ್ಷೆ ನಡೆಯುತ್ತದೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ಹೊಸ ಸುದ್ದಿಯಲ್ಲ. ಪೆಟ್ರೋಲ್ ಹಾಕಿಸಿ ಮುಚ್ಚಳವನ್ನು ಸರಿಯಾಗಿ ತಿರುಗಿಸದೆ ಹೊರಟರೆ ಒಂದೆರಡು ದಿನದಲ್ಲಿ ದೀಪ ಹೊತ್ತುತ್ತದೆ. ಕೆಲವು ಕಾರುಗಳಲ್ಲಿ ಮುಚ್ಚಳ ಬಿಗಿ ಮಾಡಿ ಎಂಬ ಅಕ್ಷರಗಳೇ ಮೂಡುತ್ತವೆ. ಕ್ಯಾಲಿಫೋರ್ನಿಯಾದ ಹೊಗೆ ತಪಾಸಣೆಯಲ್ಲಿ ಆ ದೀಪ ಉರಿಯುತ್ತಿದ್ದರೆ ಪಾಸಿಲ್ಲ, ಪಾಸಿಲ್ಲದೆ ನೋಂದಣಿ ನವೀಕರಣವೂ ಇಲ್ಲ.

ನಿಯಮ ಮಾಡಿದ್ದಷ್ಟೇ ಅಲ್ಲ, ಅದನ್ನು ಪಾಲಿಸುವಂತೆ ಬೆನ್ನು ಹತ್ತಿದ್ದೂ ಗಮನಿಸಬೇಕು. 1996ರಿಂದ 1998ರವರೆಗೆ ತಯಾರಾದ ಟೊಯೊಟಾದ 22 ಲಕ್ಷ ವಾಹನಗಳಲ್ಲಿ ಆವಿ ಸೋರಿಕೆ ಹುಡುಕುವ ವ್ಯವಸ್ಥೆ ಸಾಕಷ್ಟು ಬಾರಿ ತಪಾಸಣೆ ನಡೆಸುವುದೇ ಇಲ್ಲ ಎಂದು ಆರೋಪಿಸಿ ಅಮೆರಿಕ ಸರ್ಕಾರ 1999ರಲ್ಲಿ ಮೊಕದ್ದಮೆ ಹೂಡಿತು. ಕಾರುಗಳು ಸೋರುತ್ತಿವೆ ಎಂಬುದಕ್ಕಿಂತ, ಸೋರಿದರೆ ತಿಳಿಸುವುದಿಲ್ಲ ಎಂಬುದೇ ಆರೋಪದ ತಿರುಳು. 2003ರ ಮಾರ್ಚ್‌ನಲ್ಲಿ ರಾಜಿಯಾಯಿತು. ಕಂಪನಿ ಆ ಭಾಗಗಳ ವಾರಂಟಿ ವಿಸ್ತರಿಸಲು ಒಪ್ಪಿತು, 5 ಲಕ್ಷ ಡಾಲರ್ ದಂಡ ಕಟ್ಟಿತು, ಶಾಲಾ ಬಸ್ಸುಗಳಂಥ ಹಳೆಯ ಡೀಸೆಲ್ ವಾಹನಗಳ ಹೊಗೆ ತಗ್ಗಿಸಲು 2 ಕೋಟಿ ಡಾಲರ್ ಕೊಡಲು ಮುಂದಾಯಿತು. ಕಣ್ಣಿಗೆ ಕಾಣದ ಆವಿಗಾಗಿ ಒಂದು ಸರ್ಕಾರ ಇಷ್ಟು ದೂರ ಹೋಗಬಲ್ಲದು.

ದೀಪ ಹೊತ್ತಿದ ಮೇಲೆ ಕೆಲಸ ಗ್ಯಾರೇಜಿನದು. ಸ್ಕ್ಯಾನರ್ ಚುಚ್ಚಿದಾಗ ಪಿ0455 ಎಂದು ಬಂದರೆ ದೊಡ್ಡ ಸೋರಿಕೆ, ಪಿ0442 ಎಂದರೆ ಸಣ್ಣದು, ಪಿ0456 ಎಂದರೆ ಇನ್ನೂ ಸಣ್ಣದು. ಎಲ್ಲಿ ಎಂದು ಮಾತ್ರ ಯಾವ ಸಂಖ್ಯೆಯೂ ಹೇಳುವುದಿಲ್ಲ. ಅದಕ್ಕೆ ಹೊಗೆ ಯಂತ್ರ ಬೇಕು. ಒಂದು ಬಗೆಯ ಖನಿಜ ತೈಲವನ್ನು ಕಾಯಿಸಿ ಎಬ್ಬಿಸಿದ ಬಿಳಿ ಹೊಗೆಯನ್ನು ಅದು ಆವಿ ಪೈಪುಗಳೊಳಕ್ಕೆ ನಿಧಾನವಾಗಿ ತಳ್ಳುತ್ತದೆ. ಮೆಕ್ಯಾನಿಕ್ ಟಾರ್ಚ್ ಹಿಡಿದು ಕಾರಿನ ಕೆಳಗೆ, ಮುಚ್ಚಳದ ಸುತ್ತ, ಕ್ಯಾನಿಸ್ಟರಿನ ಬಳಿ ನೋಡುತ್ತಾನೆ. ಹೊಗೆಯ ಎಳೆ ಎದ್ದಲ್ಲಿ ತೂತು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಹೊಗೆ ತಳ್ಳುವ ಒತ್ತಡ ಅರ್ಧ ಪಿಎಸ್‌ಐ ಆಸುಪಾಸಿನಲ್ಲಿರಬೇಕು. ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಪೈಪನ್ನೇ ಟ್ಯಾಂಕಿಗೆ ಸಿಕ್ಕಿಸಿದರೆ ಪೈಪುಗಳ ಜೋಡಣೆ ಕಿತ್ತುಬರುವುದಷ್ಟೇ ಅಲ್ಲ, ಜೀವಕ್ಕೇ ಅಪಾಯ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇ 1.4ರಿಂದ 7.6ರವರೆಗೆ ಬೆರೆತಾಗ ಕಿಡಿ ತಾಗಿದರೆ ಸಿಡಿಯುತ್ತದೆ. ಮುಚ್ಚಿದ ಟ್ಯಾಂಕಿನೊಳಗೆ ಸಾಮಾನ್ಯವಾಗಿ ಆವಿ ಇದಕ್ಕಿಂತ ಎಷ್ಟೋ ದಟ್ಟವಾಗಿರುವುದರಿಂದ ಅದು ಸಿಡಿಯದು. ಗಾಳಿ ತುಂಬಿದರೆ ನಾವೇ ಆ ದಟ್ಟಣೆಯನ್ನು ಅಪಾಯದ ಮಟ್ಟಕ್ಕೆ ಇಳಿಸಿದಂತೆ. ಆದ್ದರಿಂದ ಒಳ್ಳೆಯ ಗ್ಯಾರೇಜುಗಳು ಆಮ್ಲಜನಕವಿಲ್ಲದ ನೈಟ್ರೋಜನ್ನಿನ ಮೂಲಕ ಹೊಗೆ ಕಳಿಸುತ್ತವೆ. ನೈಟ್ರೋಜನ್ ನಮ್ಮ ಟೈರ್ ಅಂಗಡಿಗಳಲ್ಲೇ ಸಿಗುತ್ತದೆ. ಮನೆಯಲ್ಲೇ ಮಾಡಿಕೊಂಡ ಹೊಗೆ ಡಬ್ಬಿಗಳ ವಿಡಿಯೊಗಳನ್ನು ನೋಡಿ ಯಾರೂ ಪೆಟ್ರೋಲ್ ಟ್ಯಾಂಕಿನ ಮೇಲೆ ಪ್ರಯೋಗಕ್ಕೆ ಇಳಿಯಬಾರದು.

ಇನ್ನು ನಮ್ಮ ಮನೆಯ ಕಡೆ. ಭಾರತದ ಕಾರುಗಳಲ್ಲಿ ಕ್ಯಾನಿಸ್ಟರ್ ಇದೆ. ಬೈಕು ಸ್ಕೂಟರುಗಳಿಗೂ ಬಿಎಸ್-4 ಜತೆ, ಅಂದರೆ 2017ರ ಏಪ್ರಿಲ್ ಹೊತ್ತಿಗೆ ಬಂತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದಾಗ ದ್ವಿಚಕ್ರ ವಾಹನಗಳ ಆವಿ ಮಿತಿಯನ್ನು ಪ್ರತಿ ಪರೀಕ್ಷೆಗೆ 1.5 ಗ್ರಾಂ ಎಂದು ನಿಗದಿಪಡಿಸಿದರು; ಕಾರುಗಳಿಗೆ ಅದು 2 ಗ್ರಾಂ. ಅಮೆರಿಕದ ಇತ್ತೀಚಿನ ನಿಯಮದಲ್ಲಿ ಸಾಮಾನ್ಯ ಕಾರಿಗೆ ಇರುವುದು 0.3 ಗ್ರಾಂ. ಎರಡು ಕಡೆಯ ಪರೀಕ್ಷಾ ವಿಧಾನ ಒಂದೇ ಅಲ್ಲ, ಹಾಗಾಗಿ ಅಂಕಿಗಳನ್ನು ನೇರವಾಗಿ ತೂಗಲಾಗದು. ಆದರೂ ಅಂತರ ಎದ್ದು ಕಾಣುತ್ತದೆ. ನಮ್ಮಲ್ಲಿ ಕಾರನ್ನು ಮುಚ್ಚಿದ ಕೋಣೆಯಲ್ಲಿಟ್ಟು ತಾಪಮಾನವನ್ನು 20ರಿಂದ 35 ಡಿಗ್ರಿಗೆ ಏರಿಸಿ ಇಳಿಸಿ ಅಳೆಯುತ್ತಾರೆ. ಕಲಬುರಗಿ, ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆ ಊರುಗಳ ಬಸ್ ನಿಲ್ದಾಣದ ಮುಂದೆ ನೆರಳಿಲ್ಲದ ಜಾಗದಲ್ಲಿ ಸಾಲಾಗಿ ನಿಂತ ಬೈಕುಗಳ ಟ್ಯಾಂಕುಗಳಿಗೆ ಪ್ರಯೋಗಾಲಯದ ಆ ಸುಖವಿಲ್ಲ.

ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಈ ಪರೀಕ್ಷೆ ನಡೆಯುವುದು ಹೊಸ ಮಾದರಿಗೆ ಒಪ್ಪಿಗೆ ಪಡೆಯುವಾಗ. ಮಾರಾಟವಾಗಿ ಐದಾರು ಮಳೆಗಾಲ ಕಂಡ ವಾಹನದ ಪಾಡೇನು? ಭಾರತ ಅನುಸರಿಸುವ ಯುರೋಪ್ ಮಾದರಿಯ ಒಬಿಡಿ ನಿಯಮ ಪರ್ಜ್ ವಾಲ್ವಿನ ವಿದ್ಯುತ್ ಸಂಪರ್ಕ ಕಡಿದಿದೆಯೇ ಎಂದು ನೋಡಿದರೆ ಸಾಕೆನ್ನುತ್ತದೆ. ಅಮೆರಿಕದಂತೆ ಟ್ಯಾಂಕನ್ನು ಮುಚ್ಚಿ, ಒತ್ತಡ ನಿಲ್ಲುತ್ತದೆಯೇ ಎಂದು ನೋಡುವ ಕಡ್ಡಾಯವಿಲ್ಲ. ಹಾಗಾಗಿ ಮುಚ್ಚಳವೇ ಇಲ್ಲದೆ ಬಟ್ಟೆ ತುರುಕಿಕೊಂಡು ಓಡಿದರೂ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಬೇಕೆಂಬ ನಿಯಮ ಇಲ್ಲ. ಎಮಿಷನ್ ಟೆಸ್ಟಿನಲ್ಲೂ ನೋಡುವವರಿಲ್ಲ. ಬಿಎಸ್-6 ಬಗ್ಗೆ ದೇಶ ಹೆಮ್ಮೆ ಪಡುವುದರಲ್ಲಿ ಅರ್ಥವಿದೆ, ಆದರೆ ಈ ಕಿಂಡಿಯನ್ನು ತೆರೆದೇ ಬಿಟ್ಟಿದ್ದೇವೆ.

ಕಿಂಡಿ ಹಿಗ್ಗಿಸುವ ಅಭ್ಯಾಸಗಳೂ ನಮ್ಮಲ್ಲಿವೆ. ಬಂಕಿನಲ್ಲಿ ಫುಲ್ ಟ್ಯಾಂಕ್ ಎಂದಾಗ ನಾಜಲ್ ಟಕ್ಕೆಂದು ತಾನೇ ನಿಲ್ಲುತ್ತದೆ. ಅಲ್ಲಿಗೆ ಮುಗಿಯಬೇಕು. ಆದರೆ ಮೀಟರಿನಲ್ಲಿ 2,940 ರೂಪಾಯಿ ಇದ್ದರೆ ಅದನ್ನು 3,000ಕ್ಕೆ ತರಲು ಮತ್ತೆ ಮತ್ತೆ ಒತ್ತುತ್ತಾರೆ. ಬಹಳ ಸಲ ಗ್ರಾಹಕರೇ ಒತ್ತಿಸುತ್ತಾರೆ. ಆವಿಗೆಂದು ಟ್ಯಾಂಕಿನ ಮೇಲ್ಭಾಗದಲ್ಲಿ ಬಿಟ್ಟ ಜಾಗಕ್ಕೆ ಪೆಟ್ರೋಲ್ ನುಗ್ಗಿ, ಅಲ್ಲಿಂದ ದ್ರವರೂಪದಲ್ಲೇ ಕ್ಯಾನಿಸ್ಟರಿಗೆ ಇಳಿಯಬಹುದು. ಇದ್ದಿಲು ಒಮ್ಮೆ ಪೆಟ್ರೋಲಿನಲ್ಲಿ ತೊಯ್ದರೆ ಆವಿ ಹೀರುವ ಶಕ್ತಿ ಕುಂದುತ್ತದೆ. ಟ್ಯಾಂಕ್ ತುಂಬಿಸಿದ ಕೂಡಲೇ ಕಾರು ಸ್ಟಾರ್ಟ್ ಆಗಲು ಸತಾಯಿಸಿದರೆ, ಪರ್ಜ್ ವಾಲ್ವ್ ತೆರೆದೇ ಉಳಿದಿದೆ ಅಥವಾ ಕ್ಯಾನಿಸ್ಟರ್ ತೊಯ್ದಿದೆ ಎಂಬ ಅನುಮಾನ ಅನುಭವಿ ಮೆಕ್ಯಾನಿಕ್‌ಗೆ ಮೊದಲು ಬರುವುದು ಇದಕ್ಕೇ.

ಬೈಕುಗಳದು ಇನ್ನೊಂದು ಕಥೆ. ಕ್ಯಾನಿಸ್ಟರ್ ತೆಗೆಸಿದರೆ ಪಿಕಪ್ ಹೆಚ್ಚುತ್ತದೆ, ಮೈಲೇಜ್ ಹೆಚ್ಚುತ್ತದೆ ಎಂಬ ನಂಬಿಕೆ ಹರಡಿದೆ. ತೆಗೆದು, ಪೈಪಿನ ಬಾಯನ್ನು ಹಾಗೇ ತೆರೆದು ಬಿಡುವವರಿದ್ದಾರೆ. ಇದರಿಂದ ಆಗುವುದು ಇಷ್ಟೇ: ಎಂಜಿನ್ನಿನಲ್ಲಿ ಉರಿಯಬೇಕಿದ್ದ ಪೆಟ್ರೋಲು ದುಡ್ಡು ಕೊಟ್ಟವರಿಗೆ ದಕ್ಕದೆ ಗಾಳಿಗೆ ಹೋಗುತ್ತದೆ. ಬೆಂಗಳೂರೊಂದರಲ್ಲೇ ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿವೆ, ಅವುಗಳಲ್ಲಿ ಬಹುಪಾಲು ದ್ವಿಚಕ್ರಗಳು. ಒಂದು ಬೈಕಿನ ಸೋರಿಕೆ ಸಣ್ಣದೆಂದು ಬಿಡುವಂತಿಲ್ಲ.

ಇದರ ಮೇಲೆ ಈಗ ಎಥನಾಲ್ ಬಂದಿದೆ. ಶೇ 20 ಎಥನಾಲ್ ಬೆರೆತ ಪೆಟ್ರೋಲು ದೇಶದಾದ್ಯಂತ ಬಂಕುಗಳಿಗೆ ತಲುಪಿದೆ. ಎಥನಾಲ್ ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ. ಪೈಪಿನ ಗೋಡೆಯ ಮೂಲಕವೇ ಇಂಧನ ಹೊರಕ್ಕೆ ಜಿನುಗುವುದನ್ನು ಹೆಚ್ಚಿಸುತ್ತದೆ. 2023ರ ಏಪ್ರಿಲ್ ನಂತರದ ವಾಹನಗಳನ್ನು ಅದಕ್ಕೆ ತಾಳುವಂತೆ ಮಾಡಿದ್ದಾರೆ. ಅದಕ್ಕೂ ಹಳೆಯವು ರಸ್ತೆಯ ಮೇಲೆ ಕೋಟಿಗಟ್ಟಲೆ ಇವೆ, ಅವುಗಳ ವಾಷರು, ಸೀಲು, ಹೋಸುಗಳ ಸ್ಥಿತಿಯನ್ನು ನಿಯಮಿತವಾಗಿ ನೋಡುವ ಏರ್ಪಾಡೇ ಇಲ್ಲ. ಎಥನಾಲಿನಿಂದ ಕಬ್ಬು ಬೆಳೆಗಾರರಿಗೆ ಅನುಕೂಲವಾಗಿದೆ, ಆಮದು ಕಚ್ಚಾ ತೈಲದ ಹೊರೆ ಇಳಿದಿದೆ. ಈ ಲಾಭವನ್ನು ಉಳಿಸಿಕೊಳ್ಳಬೇಕೆನ್ನುವವರೇ ಹಳೆಯ ರಬ್ಬರ್ ಭಾಗಗಳ ತಪಾಸಣೆಗೆ ಮೊದಲು ದನಿ ಎತ್ತಬೇಕು.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಪ್ರತಿ ಎಮಿಷನ್ ಟೆಸ್ಟ್ ಕೇಂದ್ರಕ್ಕೂ ಹೊಗೆ ಯಂತ್ರ ಕೊಡಿ ಎಂದು ಕೇಳುವುದು ಅವಸರವಾದೀತು. ಮುಚ್ಚಳದಿಂದ ಶುರು ಮಾಡಬಹುದು. ಟ್ಯಾಂಕಿನ ಮುಚ್ಚಳವನ್ನು ತೆಗೆದು ಒಂದು ಸಣ್ಣ ಉಪಕರಣಕ್ಕೆ ಬಿಗಿದು, ಒತ್ತಡ ಕೊಟ್ಟು, ಅದು ನಿಲ್ಲುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು ಅಮೆರಿಕದ ಹಲವು ರಾಜ್ಯಗಳು ವರ್ಷಗಳ ಕಾಲ ನಡೆಸಿವೆ. ಹೆಚ್ಚು ಹೊತ್ತು ಬೇಡ, ವಿಶೇಷ ಓದು ಬೇಡ. ಜತೆಗೆ ಕ್ಯಾನಿಸ್ಟರ್ ಸ್ವಸ್ಥಾನದಲ್ಲಿದೆಯೇ, ಪೈಪುಗಳು ಜೋಡಣೆಯಾಗಿವೆಯೇ ಎಂದು ಕಣ್ಣಿನಲ್ಲಿ ನೋಡಿ ಬರೆದುಕೊಳ್ಳುವುದಕ್ಕೆ ಖರ್ಚೇ ಇಲ್ಲ. ಕೆಟ್ಟ ಮುಚ್ಚಳ, ಒಣಗಿದ ವಾಷರ್ ಬದಲಿಸುವುದು ದೊಡ್ಡ ರಿಪೇರಿಯೂ ಅಲ್ಲ. ಇದಕ್ಕೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ತಿದ್ದುಪಡಿ ಬೇಕು, ಆದರೆ ಪ್ರಾಯೋಗಿಕವಾಗಿ ಕೆಲವು ಕೇಂದ್ರಗಳಲ್ಲಿ ನಡೆಸಿ ಅಂಕಿ ಅಂಶ ಕಲೆಹಾಕಲು ಕರ್ನಾಟಕದ ಸಾರಿಗೆ ಇಲಾಖೆ ಯಾರಿಗೂ ಕಾಯಬೇಕಿಲ್ಲ. ಎಷ್ಟು ವಾಹನಗಳ ಮುಚ್ಚಳ ಸೋರುತ್ತದೆಂಬ ಲೆಕ್ಕ ಕೈಯಲ್ಲಿದ್ದರೆ ದೆಹಲಿಯಲ್ಲಿ ಮಾತಾಡಲು ಬಲ ಬರುತ್ತದೆ.

ಪೂರ್ತಿ ಟ್ಯಾಂಕಿನ ಪರೀಕ್ಷೆಗೆ ಹೊಸದಾಗಿ ತಲೆಯೆತ್ತುತ್ತಿರುವ ಸ್ವಯಂಚಾಲಿತ ಫಿಟ್ನೆಸ್ ಕೇಂದ್ರಗಳು ಸರಿಯಾದ ಜಾಗ. ಅಲ್ಲಿ ಬ್ರೇಕು, ಹೆಡ್‌ಲೈಟು, ಸಸ್ಪೆನ್ಷನ್ ಎಲ್ಲವನ್ನೂ ಯಂತ್ರಗಳೇ ಅಳೆಯುವಾಗ, ನೈಟ್ರೋಜನ್ ತುಂಬಿ ಒತ್ತಡ ನೋಡುವ ಒಂದು ಯಂತ್ರ ಹೊರೆಯಾಗದು. ಹಳೆಯ ಕಾರುಗಳಿಗೆ ಇದು ಆಗದು ಎನ್ನುವವರಿಗೆ ಕ್ಯಾಲಿಫೋರ್ನಿಯಾದ ಉತ್ತರವಿದೆ: ಒಬಿಡಿ-2 ಇಲ್ಲದ, 1995 ಮತ್ತು ಅದಕ್ಕೂ ಹಿಂದಿನ ಕಾರುಗಳ ಟ್ಯಾಂಕುಗಳನ್ನು ಹೀಗೆಯೇ ಕಡಿಮೆ ಒತ್ತಡದಲ್ಲಿ ಪರೀಕ್ಷಿಸುವುದನ್ನು ಅದು 2007ರ ಡಿಸೆಂಬರ್‌ನಿಂದ ಜಾರಿಗೆ ತಂದಿತು.

ಹೊಸ ವಾಹನಗಳ ಮಾತು ಬಿಎಸ್-7 ಚರ್ಚೆಗೆ ಸೇರಿದ್ದು. ತೂತು ತಾನೇ ಕಂಡುಹಿಡಿಯುವ ವ್ಯವಸ್ಥೆ ಅದರಲ್ಲಿ ಇರಲೇಬೇಕು. ಪೆಟ್ರೋಲ್ ಹಾಕಿಸುವಾಗ ಏಳುವ ಆವಿಯನ್ನೂ ಕಾರಿನೊಳಗೇ ಹಿಡಿಯುವ ದೊಡ್ಡ ಕ್ಯಾನಿಸ್ಟರನ್ನು ಅಮೆರಿಕ 1998ರ ಮಾದರಿಗಳಿಂದಲೇ ಹಂತಹಂತವಾಗಿ ತಂದಿತು, ಚೀನಾ ತನ್ನ ಆರನೆಯ ಹಂತದ ನಿಯಮದಲ್ಲಿ ಸೇರಿಸಿತು. ನಮ್ಮಲ್ಲಿ ಈ ಕೆಲಸವನ್ನು ದೊಡ್ಡ ನಗರಗಳ ಹೆಚ್ಚು ಮಾರಾಟದ ಬಂಕುಗಳಲ್ಲಿ ಆವಿ ಹಿಂದಕ್ಕೆಳೆಯುವ ಯಂತ್ರ ಹಾಕಿಸಿ ಮಾಡಲು ಹೊರಟಿದ್ದಾರೆ. ಅದು ಒಳ್ಳೆಯದೇ, ಆದರೆ ತಾಲ್ಲೂಕು ಕೇಂದ್ರದ ಸಣ್ಣ ಬಂಕಿಗೆ ಅದು ತಲುಪುವುದಿಲ್ಲ. ಕ್ಯಾನಿಸ್ಟರ್ ಕಾರಿನಲ್ಲೇ ಇದ್ದರೆ ಆ ರಕ್ಷಣೆ ಕಾರು ಹೋದಲ್ಲೆಲ್ಲ ಹೋಗುತ್ತದೆ. ದಿನಕ್ಕೆ ಎಂಟು ಹತ್ತು ತಾಸು ನಾಜಲ್ ಹಿಡಿದು ನಿಲ್ಲುವ ಸಿಂಧನೂರಿನ, ಹಿರಿಯೂರಿನ ಬಂಕ್ ಹುಡುಗರಿಗೂ ಸಿಗುತ್ತದೆ.